ಒಂದು ಗಂಟೆ ಹತ್ತು ನಿಮಿಷದ ದೂರ

ಜನವರಿ 6, ಸೋಮವಾರ. ಬೆಳಿಗ್ಗೆ 11

ಒಂಬತ್ತು ಜನರನ್ನು ತೂಗಿದೆ. ಅವರ ಚೀಲಗಳನ್ನೂ. ಪುಟ್ಟ ವಿಮಾನ, ಕಿಲೋ ಕಿಲೋ ಲೆಕ್ಕ. ಒಬ್ಬ ಮಹಾಶಯ ಕೋಟಿನ ಜೇಬಿನಿಂದ ಸುತ್ತಿಗೆ ತೆಗೆದು ಬದಿಗಿಟ್ಟು ತಕ್ಕಡಿ ಹತ್ತಿದ. ಇಳಿದ ಮೇಲೆ ಮತ್ತೆ ಜೇಬಿಗೆ! ಎಲ್ಲರೂ ಬುದ್ಧಿವಂತರೇ. ಸುತ್ತಿಗೆ ಸಮೇತ ಇನ್ನೊಮ್ಮೆ ಹತ್ತಿಸಿದೆ.

ಅಕ್ಕನ ಫೋನ್. ಅಮ್ಮ ಊಟ ಬಿಟ್ಟಿದ್ದಾಳಂತೆ. ನನ್ನನ್ನೇ ಕೇಳುತ್ತಾಳಂತೆ.

"ಒಂದು ಗಂಟೆ ಹತ್ತು ನಿಮಿಷ ಕಣೇ. ನಿಮ್ಮ ಬೋರ್ಡಲ್ಲೇ ಬರ್ದಿದೆ. ಅಷ್ಟು ಬರೋಕಾಗಲ್ವಾ ನಿಂಗೆ?"

ಬರೆದಿದೆ, ನಿಜ. ಅವಳೂರಿನ ನಿಲ್ದಾಣಕ್ಕೆ 388 ಕಿಲೋಮೀಟರ್, 1 ಗಂಟೆ 10 ನಿಮಿಷ. ಚಳಿಗಾಲದಲ್ಲಿ ರಸ್ತೆಯಿಲ್ಲ, ವಾರಕ್ಕೆ ಎರಡೇ ವಿಮಾನ, ಫೆಬ್ರವರಿ ಮುಗಿಯುವವರೆಗೆ ಟಿಕೆಟ್ಟಿಲ್ಲ, ಯಾರಾದರೂ ಬಾರದೆ ಸೀಟು ಉಳಿದರಷ್ಟೇ ನನ್ನಂಥ ಸಿಬ್ಬಂದಿಗೆ... ಇದನ್ನೆಲ್ಲ ಯಾವ ಬೋರ್ಡಿನಲ್ಲೂ ಬರೆದಿಲ್ಲ.

ಜನವರಿ 9, ಗುರುವಾರ

ಸೀಟು ಉಳಿದಿತ್ತು. ಚೀಲ ಕಟ್ಟಿಕೊಂಡೇ ಬಂದಿದ್ದೆ. ಎದುರುಗಾಳಿ ಎಂದು ಪೈಲಟ್ ಹೆಚ್ಚು ಇಂಧನ ಕೇಳಿದ. ಇಂಧನ ಹತ್ತಿದಷ್ಟು ಮನುಷ್ಯರು ಇಳಿಯಬೇಕು. ಪಟ್ಟಿಯಲ್ಲಿ ಕೊನೆಯವಳು ನಾನು. ಪಟ್ಟಿ ಬರೆಯುವವಳೂ ನಾನೇ. ನನ್ನ ಹೆಸರನ್ನು ನಾನೇ ಹೊಡೆದು ಹಾಕಿದೆ.

ಅಕ್ಕನಿಗೆ ಹೇಳಿದೆ. "ಗಾಳಿಯಂತೆ ಗಾಳಿ! ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ." ಫೋನ್ ಇಟ್ಟಳು.

ಕಟ್ಟಿದ ಚೀಲ ಬಿಚ್ಚಲಿಲ್ಲ.

ಜನವರಿ 13, ಸೋಮವಾರ

ಮಂಜು. ವಿಮಾನವಿಲ್ಲ. ಅಕ್ಕನ ಫೋನೂ ಇಲ್ಲ. ನಾನೂ ಮಾಡಲಿಲ್ಲ.

ಜನವರಿ 16, ಗುರುವಾರ. ಬೆಳಿಗ್ಗೆ 9.40

ಸೀಟಿದೆ. ಗಾಳಿಯೂ ಅಡಗಿದೆ. "ಹೋಗ್ಬಿಟ್ಟು ಬಾಮ್ಮ" ಎಂದರು ಮ್ಯಾನೇಜರ್. ಅಷ್ಟರಲ್ಲಿ ಸರಕು ಬಂತು. ಶವಪೆಟ್ಟಿಗೆ. 61 ಕೆ.ಜಿ. ಚೀಟಿಯಲ್ಲಿ ಅಕ್ಕನ ಹೆಸರು.

ಇಲ್ಲಿಯ ಬಡಗಿಗೇ ಹೇಳಿ ಮಾಡಿಸಿದ್ದಾಳೆ. ನನಗೊಂದು ಮಾತಿಲ್ಲ. ಚಳಿಗಾಲದಲ್ಲಿ ಅವಳೂರಿನವರೆಲ್ಲ ಮೊದಲೇ ತರಿಸಿಡುತ್ತಾರೆ, ಗೊತ್ತು. ವಿಮಾನವನ್ನು ನಂಬುವಂತಿಲ್ಲ. ಆದರೂ, ಉಸಿರಾಡುತ್ತಿರುವವಳಿಗೆ?

ಚೀಲ ಸೇರಿ ನಾನು 63. ಇಬ್ಬರಲ್ಲಿ ಒಬ್ಬರೇ ಹೋಗಬಹುದು. ಪೆಟ್ಟಿಗೆಯನ್ನೂ 'ಒಬ್ಬರು' ಎಂದು ಬರೆದೆನಲ್ಲ, ಥೂ. ನಿಯಮದ ಪ್ರಕಾರ ಸರಕು ಮೊದಲು, ಸಿಬ್ಬಂದಿ ಕೊನೆ.

ಪೆಟ್ಟಿಗೆಯ ಸಾಲನ್ನು ಹೊಡೆದು ಹಾಕಿದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಪಟ್ಟಿಗೆ ಮೋಸ ಮಾಡಿದ್ದೇನೆ. ಅಕ್ಕ ಬೈದುಕೊಳ್ಳಲಿ. ಪೆಟ್ಟಿಗೆ ಇಲ್ಲದೆ ಅಮ್ಮ ಅದು ಹೇಗೆ ಹೋಗುತ್ತಾಳೆ, ನೋಡಿಯೇ ಬಿಡುತ್ತೇನೆ.

ಮಧ್ಯಾಹ್ನ 12.30

ಸರಿಯಾಗಿ ಒಂದು ಗಂಟೆ ಹತ್ತು ನಿಮಿಷ. ಒಂದು ನಿಮಿಷವೂ ಆಚೀಚೆಯಿಲ್ಲ.

ಅಕ್ಕ ಬೇಲಿಯ ಹತ್ತಿರ ನಿಂತಿದ್ದಳು. ಎದೆ ತುಂಬಿ ಬಂತು. ಬರುತ್ತೇನೆಂದು ನಾನು ಹೇಳಿರಲಿಲ್ಲ ಎನ್ನುವುದು ಆಮೇಲೆ ಹೊಳೆಯಿತು. ನನ್ನನ್ನು ದಾಟಿ ಸೀದಾ ಸರಕಿನ ಬಾಗಿಲಿಗೆ ಹೋದಳು. ಒಳಗೆ ಇಣುಕಿದಳು.

"ಪೆಟ್ಟಿಗೆ ಎಲ್ಲೇ?"

"ಮುಂದಿನ ವಿಮಾನದಲ್ಲಿ... ಜಾಗ ಇರ್ಲಿಲ್ಲ. ಅಮ್ಮ ಹೇಗಿದ್ದಾಳೆ?"

"ಬೆಳಿಗ್ಗೆ ಆರಕ್ಕೆ ಹೋದ್ಲು. ನಿಂಗೆ ಹೇಳಿದ್ರೂ ನೀನೇನು ಬರ್ತಿದ್ಯಾ ಅಂತ ಫೋನ್ ಮಾಡ್ಲಿಲ್ಲ."

ಮುಂದಿನ ವಿಮಾನ ಸೋಮವಾರ. ಅದೂ ಮಂಜು ಕವಿಯದಿದ್ದರೆ. ಅಲ್ಲಿಯವರೆಗೆ ಅಮ್ಮನನ್ನು ಯಾವುದರಲ್ಲಿ ಮಲಗಿಸುವುದು?