ಒಂದೇ ಗೆರೆಯಲ್ಲಿ ಹೊಡೆದ ಮೂರು ಸಾಲು

ವೀಕ್ಷಣಾಲಯದ ವಸತಿ, ಎಂಟನೇ ಮನೆ
ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಚೂಟಿ,

ಹೇಗಿದ್ದೀಯ ತಾಯಿ? ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜಿ ಕುತ್ತಿಗೆ ಹಿಡಿದುಕೊಂಡಿದೆಯಂತೆ, ಅಮ್ಮ ಹೇಳಿದಳು. ಬಿಸಿನೀರಿನ ಶಾಖ ಕೊಡು, ಉದಾಸೀನ ಮಾಡಬೇಡ. ನನ್ನ ಮಂಡಿ ಇನ್ನೂ ನನ್ನ ಮಾತು ಕೇಳುತ್ತಿಲ್ಲ. ಈ ಮನೆಯಲ್ಲಿ ಯಾರು ತಾನೇ ಕೇಳುತ್ತಾರೆ! ಫೋನಿನಲ್ಲಿ ‘ಊಟ ಆಯ್ತಾ’ ಎಂದು ಕೇಳಿ ಅಮ್ಮನ ಕೈಗೆ ಕೊಟ್ಟುಬಿಡುವ ಅಪ್ಪ ಕಾಗದ ಬರೆದನಲ್ಲ ಎಂದು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ.

ವಿಷಯ ನಿನ್ನ ನಕ್ಷತ್ರದ್ದು. ಒಂಬತ್ತು ವರ್ಷದ ಹಿಂದೆ ನೀನು ಇಲ್ಲಿ ವೀಕ್ಷಕಿಯಾಗಿದ್ದು ಅಳೆದಾಗ ಮೂರು ದಿನ ಅದರ ವೇಗ ಇದ್ದಕ್ಕಿದ್ದಂತೆ ಏರಿತ್ತಲ್ಲ, ಅದೇ. ನಕ್ಷತ್ರ ಎಲ್ಲಾದರೂ ಹೀಗೆ ಬೆಚ್ಚಿಬೀಳುತ್ತದೆಯೇ ಎಂದು ಎಲ್ಲರೂ ನಕ್ಕರು. ನಾನು ನಗಲಿಲ್ಲ, ಕೂಗಾಡಿದೆ. ‘ದೀಪ ಕಾಯೋಕೆ ಮುಂಚೆನೇ ಅಳತೆ ತಗೊಂಡಿದ್ದೀಯ, ಆತುರಗೇಡಿ!’ ನಕ್ಷತ್ರದ ಬೆಳಕನ್ನು ಹೋಲಿಸಿ ನೋಡುವ ಆ ದೀಪ ಅರ್ಧ ಗಂಟೆ ಉರಿಯದಿದ್ದರೆ ಅಳತೆ ಕೆಡುತ್ತದೆ ಎಂದು ನಿನಗೆ ಕಲಿಸಿದವನೇ ನಾನು. ‘ನಲವತ್ತು ನಿಮಿಷ ಕಾದಿದ್ದೀನಪ್ಪಾ’ ಎಂದು ನೀನು ಹೇಳುತ್ತಲೇ ಇದ್ದೆ. ಯಂತ್ರ ನನ್ನ ಸುಪರ್ದಿಯದು. ಮಗಳಿಗೆ ಸಲುಗೆ ಕೊಟ್ಟ ಎಂದು ಯಾರೂ ಆಡಿಕೊಳ್ಳಬಾರದೆಂಬ ಜಂಬ ಬೇರೆ. ಎಲ್ಲರೆದುರಿಗೆ ದಾಖಲೆ ಪುಸ್ತಕದಲ್ಲಿ ಆ ಮೂರು ದಿನದ ಮೂರು ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದು ‘ವೀಕ್ಷಕಿಯ ತಪ್ಪು’ ಎಂದು ಬರೆದೆ. ಆ ತಿಂಗಳೇ ನೀನು ಕೆಲಸ ಬಿಟ್ಟೆ.

ಮೊನ್ನೆ ಹೊಸ ವೀಕ್ಷಕಿಗೂ ಅದೇ ನಕ್ಷತ್ರದಲ್ಲಿ ಅದೇ ಏರಿಕೆ ಸಿಕ್ಕಿತು, ಮೂರೇ ದಿನ. ನೀನು ಹೋದಮೇಲೆ ಬಂದ ನಿರ್ದೇಶಕರು ಬೋರ್ಡಿನ ಮೇಲೆ ಸೌತೆಕಾಯಿಯಂಥ ಉದ್ದನೆಯ ದಾರಿ ಬರೆದು ತೋರಿಸಿದರು. ನಮ್ಮ ಗುರುಗ್ರಹಕ್ಕಿಂತ ಐದು ಪಟ್ಟು ತೂಕದ ಗ್ರಹವಿರಬೇಕಂತೆ. ವರ್ಷಗಟ್ಟಲೆ ದೂರದ ಚಳಿಯಲ್ಲಿ ತೆವಳುತ್ತದೆ. ಆಮೇಲೆ ಕೆಲವೇ ದಿನ ನಕ್ಷತ್ರದ ಮಗ್ಗುಲಿಗೇ ನುಗ್ಗಿ, ಅದನ್ನು ಜಗ್ಗಿ, ತಿರುಗಿ ಓಡುತ್ತದೆ. ನಡುವಿನ ವರ್ಷಗಳಲ್ಲಿ ನಮಗೆ ಏನೂ ಕಾಣದ್ದು ಅದಕ್ಕೇ. ‘ಒಂದೇ ಸಲ ಕಂಡದ್ದನ್ನ ಯಾರು ನಂಬ್ತಾರೆ? ಮತ್ತೆ ಬರೋತನಕ ಕಾಯ್ಬೇಕು’ ಎಂದರು. ನಾನು ಎದ್ದು ಹೋಗಿ ಹಳೆಯ ದಾಖಲೆ ಪುಸ್ತಕ ತಂದು ಮೇಜಿನ ಮೇಲಿಟ್ಟೆ. ಹೊಡೆದು ಹಾಕಿದ್ದೂ ಓದಲು ಬರಬೇಕು, ಒಂದೇ ಗೆರೆ ಎಳೆಯಬೇಕು ಎಂಬುದು ಇಲ್ಲಿನ ನಿಯಮವಲ್ಲವೇ? ಪುಣ್ಯಕ್ಕೆ ಆ ಸಿಟ್ಟಿನಲ್ಲೂ ಅದನ್ನು ಮುರಿದಿರಲಿಲ್ಲ. ನಿನ್ನ ದುಂಡಗಿನ ಅಂಕಿಗಳು ಹಾಗೇ ಇದ್ದವು. ಎರಡೂ ಸಲದ ಲೆಕ್ಕ ತಾಳೆಯಾಯಿತು. ನನಗೆ ಅಳು ಬಂದುಬಿಟ್ಟಿತು ಕಣೇ, ಎಲ್ಲರೆದುರಿಗೇ.

ವರದಿಯಲ್ಲಿ ಮೊದಲ ಹೆಸರು ನಿನ್ನದೇ ಇರಬೇಕೆಂದು ಹೊಸ ವೀಕ್ಷಕಿ ಹಟ ಹಿಡಿದಿದ್ದಾಳೆ. ಒಪ್ಪಿಗೆಯ ಹಾಳೆ ಇದರ ಜೊತೆಗಿದೆ. ಸಹಿ ಹಾಕುವುದು ಬಿಡುವುದು ನಿನ್ನಿಷ್ಟ. ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೇನೆ, ಸುಮ್ಮನೆ. ಎಲ್ಲಿದ್ದರೂ ತಣ್ಣಗಿರು, ಮಗಳೇ.

ನಿನ್ನ ಅಪ್ಪ

ಲಕೋಟೆ ಅಂಟಿಸುವ ಮುಂಚೆ: ಇದೊಂದನ್ನು ಮೇಲೆ ಬರೆಯಲು ಮರೆತಿದ್ದೆ ಎಂದರೆ ಅದೂ ಸುಳ್ಳಾಗುತ್ತದೆ. ಅಳತೆಗೆ ಮುಂಚೆ ದೀಪ ಎಷ್ಟು ಹೊತ್ತು ಉರಿಯಿತೆಂದು ತೋರಿಸುವ ಮೀಟರನ್ನು ನೋಡಿ ದಿನಾ ಬೆಳಿಗ್ಗೆ ಬರೆದಿಡುತ್ತಿದ್ದೆನಲ್ಲ? ನೀನು ಹೊರಟುಹೋದ ಮಾರನೆಯ ದಿನ ಆ ಪುಸ್ತಕ ತೆಗೆದು ನೋಡಿದೆ. ಮೂರು ದಿನವೂ ನೀನು ನಲವತ್ತು ನಿಮಿಷ ಕಾದಿದ್ದೆ. ನನಗೆ ಒಂಬತ್ತು ವರ್ಷದಿಂದ ಗೊತ್ತು. ತಪ್ಪು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ನಿರ್ದೇಶಕರಿಗೆ ನಿನ್ನೆ ಹೇಳಿದೆ. ಅಮ್ಮನಿಗೆ ಈ ಬೆಳಿಗ್ಗೆ ಹೇಳಿದೆ. ಆಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನೀನು ಮಾತು ಬಿಡಬೇಡ. ಬೈಯುವುದಾದರೂ ಸರಿ, ಬಂದು ಬೈಯಿ.