ಬೃಂದಾಳ ನಡುಬೆಂಚು

ಬೀರೂರು
೨೦ ಜುಲೈ ೨೦೨೫

ಪ್ರೀತಿಯ ಕೋಮಲಕ್ಕನಿಗೆ,

ನಿನ್ನ ತಂಗಿ ಸಂಗೀತಾಳ ನಮಸ್ಕಾರ. ನಾವಿಲ್ಲಿ ಕ್ಷೇಮ. ಅಜ್ಜಂಪುರದಲ್ಲಿ ನೀನು, ಭಾವ, ಮಕ್ಕಳು ಹುಷಾರಾಗಿದ್ದೀರೆಂದು ನಂಬಿದ್ದೇನೆ. ನೀನು ಅಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಬೈದುಕೊಳ್ಳಬೇಡ. ನೀನು ಫೋನನ್ನು ಸ್ಪೀಕರಿಗೆ ಹಾಕಿ ಈರುಳ್ಳಿ ಹೆಚ್ಚುತ್ತೀಯ; ನಮ್ಮ ಮನೆಯ ಜಗಳವನ್ನು ಭಾವ ಕ್ರಿಕೆಟ್ ಕಾಮೆಂಟರಿಯಂತೆ ಕೇಳುತ್ತಾರೆ. ಅದಕ್ಕೇ ಈ ಕಾಗದ. ಬರೆದು ಎಷ್ಟೋ ವರ್ಷವಾಯಿತು. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಹೊಂದಿಸಿಕೊಂಡು ಓದು.

ಜಗಳ ಬೃಂದಾಳ ಶಾಲೆಯದು. ಅವಳು ಒಂದನೇ ತರಗತಿಗೆ ಸೇರಿದಾಗ ಬೆಂಚು ತೆಗೆದು ಚಾಪೆ ಹಾಸಿದ್ದರು. ಮಕ್ಕಳು ನೆಲದ ಮೇಲೆ ಆಡುತ್ತಾ ಕಲಿಯಬೇಕಂತೆ. ಮರುವರ್ಷ ದುಂಡುಮೇಜು ಬಂದವು; ಗುಂಪಿನಲ್ಲಿ ಕಲಿಯಬೇಕಂತೆ. ಈ ವರ್ಷ ಮತ್ತೆ ಬೆಂಚು. ದುಂಡುಮೇಜುಗಳ ಮೇಲೆ ಈಗ ಬಿಸಿಯೂಟದವರು ಹುರುಳಿಕಾಯಿ ಹೆಚ್ಚುತ್ತಿದ್ದಾರೆ. ಅಷ್ಟರಲ್ಲಿ ಇನ್ನೊಂದು ಆದೇಶ ಬಂತು: ಪೋಷಕರು ಒಪ್ಪಿದರೆ ಮೂರನೇ ತರಗತಿಯಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವನ್ನೂ ತೆರೆಯಬಹುದು.

ಕಳೆದ ವಾರ ಶಾಲೆಯ ಜಗುಲಿಯಲ್ಲಿ ಸಭೆ ಕರೆದರು. ನಮ್ಮ ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಾಗಲೇ ನನಗೆ ಅನುಮಾನ. ಮೊದಲು ಎದ್ದವರೇ ಅವರು. "ಮೊನ್ನೆ ಮೋಟರ್ ಕಂಪನಿಯೋರು ನನ್ನ ಪಂಪ್‌ಸೆಟ್ ಅಂಗಡಿಗೆ ಬಂದಿದ್ರು. ಅವರು ಇಂಗ್ಲಿಷಲ್ಲಿ ಕೇಳ್ತಾನೇ ಇದ್ರು, ನಾನು ಯೆಸ್ ಯೆಸ್ ಅಂತಾನೇ ಇದ್ದೆ. ಆಮೇಲೆ ನೋಡಿದ್ರೆ ಬ್ಯಾಡದ ಮೋಟರ್ ತಂದಿಳಿಸವ್ರೆ. ನನ್ನ ಮಗಳಿಗೆ ಈ ಗತಿ ಬರಬಾರ್ದು ಕಣ್ರೀ!" ಎಂದರು. ಜನ ಚಪ್ಪಾಳೆ ತಟ್ಟಿದರು.

ನಾನೂ ಎದ್ದೆ. "ವರ್ಷಕ್ಕೊಂದು ಥರ ಮಾಡಿದ್ರೆ ಮಕ್ಕಳು ಕಲಿಯೋದು ಯಾವಾಗ್ರೀ? ನಮ್ಮ ಬೃಂದಾ ಈಗಿನ್ನೂ ಕನ್ನಡ ತಡವರಿಸದೆ ಓದ್ತಿದಾಳೆ. ಒಂದ್ ಕಡೆ ನೆಟ್ಟಗೆ ಕೂತ್ಕೊಳ್ಳೋಕೆ ಬಿಡಿ" ಎಂದೆ. ನನಗೂ ಚಪ್ಪಾಳೆ ಬಿತ್ತು. ಅದೇ ಕೈಗಳು, ಅಕ್ಕ!

ಹೂ ಮಾರುವ ಲಿಂಗಮ್ಮ, ಮೊಮ್ಮಗನನ್ನು ಅದೇ ಶಾಲೆಗೆ ಹಾಕಿರುವವಳು, ಹಿಂದಿನಿಂದ ಕೂಗಿದಳು: "ಯಾವ ಭಾಷೆನಾದ್ರೂ ಹೇಳ್ಕೊಡ್ರವ್ವ, ಮಗ್ಗಿ ಬರಬೇಕು. ನನ್ ಮೊಮ್ಮಗ ಚಿಲ್ಲರೆ ಕೊಡಾಕೆ ಫೋನ್ ನೋಡ್ತಾನೆ!"

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಮುಖ್ಯೋಪಾಧ್ಯಾಯಿನಿ ಜಯಲಕ್ಷ್ಮಮ್ಮನವರು ಮೇಜು ಬಡಿದರು: "ಮೇಲಿನೋರು ಹೇಳಿದ್ದನ್ನ ಕೆಳಗೆ ಹೇಳೋಳು ನಾನು. ಎರಡೂ ವಿಭಾಗ ಇರ್ಲಿ, ಬೇಕಾದ್ದು ಆರಿಸ್ಕೊಳ್ಳಿ. ಆದ್ರೆ ಇರೋದು ಒಂದೇ ಕೋಣೆ, ಒಬ್ಬರೇ ಮೇಡಮ್ಮು."

ಹಾಗೇ ಆಯಿತು. ಈಗ ಹಲಗೆಯ ಮಧ್ಯೆ ಗೆರೆ ಎಳೆದಿದ್ದಾರೆ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. ಮೇಡಂ ಆ ಕಡೆ ತಿರುಗಿ "ಕೌ" ಅನ್ನುತ್ತಾರೆ, ಈ ಕಡೆ ತಿರುಗಿ "ಹಸು" ಅನ್ನುತ್ತಾರೆ. ಅಪ್ಪ ಒಂದು, ಅಮ್ಮ ಒಂದು ಹೇಳಿದ್ದರಿಂದ, ಮನೆಯಲ್ಲಿ ತೀರ್ಮಾನವಾಗುವವರೆಗೂ ಬೃಂದಾ ನಡುಬೆಂಚಿನಲ್ಲಿ ಕೂರುತ್ತಾಳೆ. ಎರಡೂ ಕಡೆಯವರು ಅವಳದನ್ನೇ ನೋಡಿ ಬರೆಯುತ್ತಾರಂತೆ. ಇಡೀ ಊರಿನಲ್ಲಿ ಈ ಸುಧಾರಣೆಯಿಂದ ಸಂತೋಷವಾಗಿರುವವಳು ಅವಳೊಬ್ಬಳೇ.

ಮನೆಯ ಕಥೆ ಕೇಳು. ಇವರು ಊಟಕ್ಕೆ ಕೂತರೆ ಮಗಳ ಜೊತೆ ಇಂಗ್ಲಿಷೇ. ಮೊನ್ನೆ "ಈಟಿಂಗ್ ದ ಮುದ್ದೆ ಫಾಸ್ಟ್" ಎಂದರು. ಅವಳು "ಅಪ್ಪಾ, ಈಟ್ ಅಂದ್ರೆ ಸಾಕು" ಎಂದಳು. ನಮ್ಮತ್ತೆ ಪ್ರೇಮಮ್ಮನವರು, "ಉಣ್ಣೋ ಹೊತ್ತಲ್ಲಿ ಅದೇನ್ರೋ ಬೈದಾಟ?" ಎಂದು ಗದರಿದರು. ನನಗೆ ನಗು ತಡೆಯಲಾಗದೆ ಸಾರು ಬಡಿಸುವ ನೆಪದಲ್ಲಿ ಒಳಗೆ ಹೋದೆ.

ಭಾವನಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ನನ್ನ ಮುತ್ತು. ಆ ಶಿವ ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ. ನಿಮ್ಮೂರಿನ ಶಾಲೆಗೆ ದುಂಡುಮೇಜು ಬಾರದಿರಲಿ.

ನಿನ್ನ ಪ್ರೀತಿಯ ತಂಗಿ,
ಸಂಗೀತಾ

ಮರೆತ ಮಾತು: ಮರೆತದ್ದೇನಲ್ಲ ಅಕ್ಕ, ಮೇಲೆ ಬರೆಯಲು ಕೈ ಬರಲಿಲ್ಲ. ಸಭೆಯಲ್ಲಿ ನಾನು ಮಾತು ಮುಗಿಸಿದ ಮೇಲೆ ಇವರು ಎಲ್ಲರೆದುರು, "ಎಸ್ಸೆಸ್ಸೆಲ್ಸಿಲಿ ಇಂಗ್ಲಿಷ್ ಫೇಲಾದೋಳು ಕಣೇ ನೀನು, ನಿಂಗೇನ್ ಗೊತ್ತು ಅದರ ಬೆಲೆ?" ಎಂದುಬಿಟ್ಟರು. ಮದುವೆಯಾದ ಹೊಸದರಲ್ಲಿ ನಂಬಿ ನಾನೇ ಹೇಳಿದ್ದ ಮಾತದು. ಜಗುಲಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ?

ದಾರಿಯಲ್ಲಿ ಬೃಂದಾ, "ಅಮ್ಮಾ, ಫೇಲು ಅಂದ್ರೆ ಏನು?" ಎಂದು ಕೇಳಿದಳು. ಈಗ ಅವರ ತರಗತಿಯಲ್ಲಿ ಯಾರನ್ನೂ ಫೇಲು ಮಾಡುವುದಿಲ್ಲವಲ್ಲ, ಆ ಮಾತನ್ನೇ ಅವಳು ಕೇಳಿಲ್ಲ. "ನಿಮ್ಮಪ್ಪನ್ನ ಕೇಳು" ಎಂದೆ. ಕೇಳಿದಳು. ಇವರು ಗಾಡಿ ನಿಲ್ಲಿಸಿ, ಏನೋ ಹೇಳಲು ಹೋಗಿ, ಮತ್ತೆ ಕಿಕ್ ಹೊಡೆದರು.

ಅಂದಿನಿಂದ ನನ್ನ ಮುಖ ನೋಡಿ ಮಾತಾಡಿಲ್ಲ. ಅತ್ತೆ ಅದನ್ನು ಸಿಟ್ಟು ಎಂದುಕೊಂಡಿದ್ದಾರೆ. ನಾಚಿಕೆಯೆಂದು ನನಗೆ ಗೊತ್ತು. ಗೊತ್ತಿದ್ದರೂ ಈ ಸಲ ನಾನಾಗಿ ಮೊದಲು ಮಾತಾಡುವುದಿಲ್ಲ, ಅಕ್ಕ.