ಸುಡದ ಕೈಗಳ ನೀಲಗಂಗವ್ವನಿಗೆ

ಎರಡನೆಯ ಮಳೆಲೆಕ್ಕದ ನಲವತ್ತನೆಯ ವರ್ಷ, ಏಳನೆಯ ತಿಂಗಳ ಮೂವತ್ತೇಳನೆಯ ದಿನ. ನಿಮ್ಮ ಎಣಿಕೆಯಲ್ಲಿ 2171.

ಪ್ರೀತಿಯ ನೀಲಗಂಗವ್ವ ಅಜ್ಜಿಗೆ,

ಅಜ್ಜಿ ಎಂದದ್ದಕ್ಕೆ ಮುನಿಯಬೇಡ. ಈ ಕಾಗದ ಬರೆಯುವ ನನಗೆ ಐವತ್ತೆರಡು ವರ್ಷ, ಓದಬೇಕಾದ ನಿನಗಿನ್ನೂ ನಲವತ್ತೊಂದು. ಆದರೂ ನಾನು ನಿನ್ನ ಮಗಳ ವಂಶದಲ್ಲಿ ಐದನೆಯ ತಲೆಮಾರು, ಹೆಸರು ನೇಸರಿ. ತಿಂಗಳಿಗೆ ಮೂವತ್ತೇಳನೆಯ ದಿನವೂ ಇರುತ್ತದೆಯೇ ಎಂದು ಹುಬ್ಬೇರಿಸಬೇಡ. ಮಳೆ ಬಂದು ಹೋಗುವವರೆಗೂ ನಾವು ತಿಂಗಳು ಮುಗಿಸುವುದಿಲ್ಲ. ನನ್ನ ಕೆಲವು ಮಾತು ನಿನಗೆ ವಿಚಿತ್ರ ಎನಿಸಿದರೆ ಕ್ಷಮಿಸು. ನೂರೈವತ್ತು ವರ್ಷದಲ್ಲಿ ಭಾಷೆಯೂ ನಮ್ಮ ಹಾಗೆ ಅಲ್ಲಲ್ಲಿ ಹೊಲಿಗೆ ಹಾಕಿಸಿಕೊಂಡಿದೆ.

ಹುಬ್ಬಳ್ಳಿ ಇದೆ. ರೊಟ್ಟಿಯೂ ಇದೆ. ನಡುಹಗಲಿನ ನಾಲ್ಕು ತಾಸು ಯಾರೂ ಹೊರಗೆ ಕಾಲಿಡುವುದಿಲ್ಲ, ಅದನ್ನು ತಂಪುಗಾವಲು ಎನ್ನುತ್ತೇವೆ. ಆ ಹೊತ್ತಿಗೆ ಇಡೀ ಓಣಿಯ ಜನ ನೆಲದಡಿಯ ಪಡಸಾಲೆಯಲ್ಲಿ ಸೇರಿ ಒಂದೇ ಹಂಚಿನ ರೊಟ್ಟಿ ತಿನ್ನುತ್ತೇವೆ. ಜೋಳದ ಹಿಟ್ಟನ್ನು ನಾದುವ ಯಂತ್ರವಿದೆ. ಬಡಿಯುವ ಯಂತ್ರ ಮಾಡಲು ಮಾತ್ರ ಯಾರ ಕೈಯಲ್ಲೂ ಆಗಿಲ್ಲ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ನೀನು ಈ ಸುದ್ದಿಗೆ ಎಷ್ಟು ಬೀಗುತ್ತೀಯೆಂದು ನನಗೆ ಗೊತ್ತು. ನಮ್ಮ ಮನೆತನದ ಕಾಯಿಲೆಯೂ ಇದೆ. ತಲೆಬುರುಡೆಯ ಹಿಂಬದಿ ಇಕ್ಕಟ್ಟಾಗಿ ಕಿರುಮಿದುಳು ಕೆಳಗೆ ಜಾರುವುದು, ಬೆನ್ನುಹುರಿಯೊಳಗೆ ನೀರು ತುಂಬುವುದು, ಕೆಮ್ಮಿದರೆ ಕತ್ತಿನ ಮೇಲೆ ಸುತ್ತಿಗೆ ಬಿದ್ದಂತಾಗುವುದು, ಎಲ್ಲ ನಿನ್ನದೇ ಆಸ್ತಿ. ಚಿನ್ನದ ಬದಲು ಇದನ್ನೇ ಬಿಟ್ಟುಹೋದೆಯಲ್ಲ ಎಂದು ನಾನು ಎಷ್ಟೋ ಸಲ ನಿನ್ನನ್ನು ಬೈದಿದ್ದೇನೆ.

ನಿನ್ನ ಕಥೆ ನನಗೆ ಸಿಕ್ಕಿದ್ದು ದನಿಭಂಡಾರದಲ್ಲಿ. ಹಳೆಯ ಫೋನುಗಳೊಳಗೆ ಉಳಿದ ದನಿಗಳನ್ನು ತೆಗೆದಿಡುವ ಮನೆ ಅದು. ನಿನ್ನ ತಂಗಿ ದಾಕ್ಷಾಯಿಣಿಗೆ ನೀನು ಕಳಿಸಿದ ಮೂವತ್ತೊಂದು ವಾಯ್ಸ್ ಮೆಸೇಜುಗಳಿವೆ. ತಲೆಯ ಹಿಂದಿನ ಮೂಳೆ ತೆಗೆದು ಜಾಗ ಮಾಡಿಕೊಟ್ಟರು ಎಂದದ್ದು, ಆರನೆಯ ವಾರ ಕತ್ತಿನ ಹಿಂದೆ ನೀರು ತುಂಬಿ ಊದಿಕೊಂಡು ಮತ್ತೆ ಹೊಲಿಗೆ ಹಾಕಿಸಿಕೊಂಡದ್ದು, ವರ್ಷ ತುಂಬಿದಾಗ ಮನೆಯವರು ಹೋಳಿಗೆ ಮಾಡಿ ನೀಲವ್ವ ಗೆದ್ದು ಬಂದಳೆಂದು ಓಣಿಗೆಲ್ಲ ಹಂಚಿದ್ದು, ಎಲ್ಲ ಕೇಳಿದೆ. ನೀನು ಒಳ್ಳೆಯ ಮಾತುಗಾತಿ. ಬೆಡ್ಡಿನ ಮೇಲೆ ಮಲಗಿಕೊಂಡೇ ವಾರ್ಡಿನವರ ಅಣಕ ಮಾಡಿದ್ದೀಯ.

ಆದರೆ ಮೂರನೆಯ ವರ್ಷದಿಂದ ನಿನ್ನ ನಗು ನಡುವೆಯೇ ತುಂಡಾಗುತ್ತದೆ. ದಾಕ್ಷಾಯಿಣಿಗೆ ತಿಳಿದಿರಲಿಕ್ಕಿಲ್ಲ, ನನಗೆ ತಿಳಿಯಿತು. ಪೂರ್ತಿ ನಕ್ಕರೆ ಕತ್ತಿನ ಹಿಂದೆ ಏನಾಗುತ್ತದೆಂದು ನಾನೂ ಬಲ್ಲೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ನಮ್ಮದು. ಹೋಳಿಗೆ ಹಂಚಿದ ಮೇಲೆ ನೋವು ಮರಳಿತೆಂದು ಯಾವ ಬಾಯಲ್ಲಿ ಹೇಳುವುದು, ಅಲ್ಲವೇ?

ಕೊನೆಯ ಮೆಸೇಜು ಮಾತ್ರ ನನ್ನನ್ನು ಹೆದರಿಸಿದೆ. ನೀನು ಮತ್ತೆ ಖಾನಾವಳಿಗೆ ಹೋಗತೊಡಗಿದ್ದೀಯ. ಅಲ್ಲಿ ಎಲ್ಲರೂ ನಿನ್ನ ಕೈ ಹೊಗಳುತ್ತಾರೆ, ಹೊಸದಾಗಿ ಬಂದವರಿಗೆ ನಿನ್ನನ್ನೇ ತೋರಿಸುತ್ತಾರೆ. ನೀನು ಹಿಗ್ಗಿನಿಂದ ಹೇಳುತ್ತೀಯ: "ಆಪರೇಶನ್ ಆದ ಮ್ಯಾಲೆ ನನ್ನ ಕೈ ಖರೇನ ಪಳಗ್ಯಾವ ನೋಡವಾ. ಹಂಚಿನ ಮ್ಯಾಲಿಂದ ರೊಟ್ಟಿ ಎತ್ತಿದ್ರೂ ಸುಡಂಗಿಲ್ಲ."

ಅಜ್ಜಿ, ಅದು ಪಳಗಿದ ಕೈಯಲ್ಲ. ಬೆನ್ನುಹುರಿಯಲ್ಲಿ ಮತ್ತೆ ನೀರು ತುಂಬಿದಾಗ ಮೊದಲು ಹೋಗುವುದು ಬಿಸಿ ತಣ್ಣಗಿನ ಅರಿವು. ಬೇರೆ ಯಾರಿಗೆ ಹೀಗಾಗಿದ್ದರೂ ಮನೆಯವರು ಗಾಬರಿಯಾಗುತ್ತಿದ್ದರು. ರೊಟ್ಟಿ ಬಡಿಯುವವಳಿಗೆ ಆದದ್ದರಿಂದ ಚಪ್ಪಾಳೆ ತಟ್ಟಿದರು. ಆ ಮೆಸೇಜಿನ ನಂತರ ಭಂಡಾರದಲ್ಲಿ ನಿನ್ನ ದನಿಯಿಲ್ಲ. ನೀನು ಮತ್ತೆ ಡಾಕ್ಟರ ಹತ್ತಿರ ಹೋದೆಯೋ, ನಿನ್ನ ಕೈ ಉಳಿಯಿತೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಈಗ ಕೈಸಾಕ್ಷಿ ಎಂಬ ಪದ್ಧತಿಯಿದೆ. ತಲೆಯ ಆಪರೇಶನ್ ಆದವರನ್ನು ವಾರಕ್ಕೊಮ್ಮೆ ಮನೆಯವರು ಕೂರಿಸಿ, ಕಣ್ಣು ಮುಚ್ಚಿಸಿ, ಒಂದು ಕೈಗೆ ಬಿಸಿನೀರಿನ ಲೋಟ, ಇನ್ನೊಂದಕ್ಕೆ ತಣ್ಣೀರಿನದು ಕೊಡುತ್ತಾರೆ. ಯಾವುದು ಬಿಸಿ ಎಂದು ಹೇಳಬೇಕು. ತಪ್ಪಿದರೆ ಯಾರೂ ಅಳುವಂತಿಲ್ಲ, ಬೈಯುವಂತಿಲ್ಲ, ಮರುದಿನ ಪರೀಕ್ಷೆಗೆ ಕರೆದೊಯ್ಯಬೇಕು, ಅಷ್ಟೆ. ಮತ್ತೆ ಕತ್ತರಿ ಹಾಕಬೇಕೆಂದೇನಿಲ್ಲ. ಎಷ್ಟೋ ಜನರಿಗೆ ಗಮನವಿಟ್ಟು ನೋಡುತ್ತಿದ್ದರೆ ಸಾಕಾಗುತ್ತದೆ. ನನಗೂ ಆಪರೇಶನ್ ಆದ ಮೇಲೆ ಎತ್ತರದ ದಿಂಬು, ಭಾರ ಎತ್ತದ ವ್ರತ, ಗೋಡೆ ಹಿಡಿದು ಸೀನುವ ಕಲೆ, ಇಷ್ಟರಲ್ಲೇ ನಾಲ್ಕು ವರ್ಷ ಚೆನ್ನಾಗಿ ಕಳೆದವು.

ಊರಿಗೆಲ್ಲ ಉಪದೇಶ ಮಾಡುವವಳ ಮನೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ನನ್ನ ಮಗಳು ಹೊಂಬಾಳೆ ಪ್ರತಿಸಲ ಬಿಸಿ ಲೋಟವನ್ನು ಎಡಗೈಗೇ ಕೊಡುತ್ತಾಳೆ, ಅದು ಅವಳ ಅಭ್ಯಾಸ. ಕಳೆದ ಐದು ವಾರಗಳಿಂದ ನಾನು ಎಡಗೈ ಎಂದು ಹೇಳುತ್ತಿರುವುದು ಬಿಸಿ ತಾಗಿದ್ದಕ್ಕಲ್ಲ. ನನಗೂ ಎರಡು ಲೋಟಗಳೂ ಒಂದೇ ಆಗಿವೆ. ಅವಳು ಪ್ರತಿಸಲವೂ ಖುಷಿಯಿಂದ ನನ್ನ ಹಣೆಗೆ ಮುತ್ತಿಡುತ್ತಾಳೆ. ಆ ಮುತ್ತನ್ನು ಕಳೆದುಕೊಳ್ಳಲಾರದೆ ನಾನು ಸುಳ್ಳು ಹೇಳಿದೆ. ನಿನ್ನ ದನಿ ಕೇಳಿದ ಮೇಲೆ ನಾಚಿಕೆಯಾಯಿತು. ನಾವಿಬ್ಬರೂ ಎಂಥ ಪೆದ್ದಿಯರು!

ನಿನ್ನಿಂದ ಬೇಡುವುದು ಒಂದೇ. ನಾಳೆ ಖಾನಾವಳಿಗೆ ಹೋಗಬೇಡ. ದಾಕ್ಷಾಯಿಣಿಗೆ ಮೆಸೇಜು ಕಳಿಸಬೇಡ, ಅವಳನ್ನು ಮನೆಗೆ ಕರೆದು ಎದುರಿಗೆ ಕೂರಿಸಿಕೋ. ಸೋತೆನೆಂದು ತಿಳಿಯಬೇಡ. ನೀನು ಆರೋಗ್ಯವಾಗಿರುವೆಯೆಂದೇನೂ ಮನೆಯವರು ನಿನ್ನನ್ನು ಪ್ರೀತಿಸಿದ್ದಲ್ಲ. ನಾನೂ ಅಷ್ಟೆ, ನಿನ್ನನ್ನು ಪ್ರೀತಿಸುವುದು ಆ ತುಂಡಾದ ನಗುವಿನ ಸಮೇತ.

ಹೊಂಬಾಳೆ ಲೋಟಗಳನ್ನು ತರುತ್ತಿದ್ದಾಳೆ. ಅವಳು ಬಂದೊಡನೆ ನಾನು ಹೇಳುವ ಮಾತನ್ನು ಇಲ್ಲಿ ಬರೆದಿಡುತ್ತೇನೆ, ನೀನೂ ಇದನ್ನೇ ಹೇಳು. ನಿನ್ನ ಕಾಲದ ಮಾತಿನಲ್ಲೇ ಬರೆದಿದ್ದೇನೆ, ಬಾಯಿಗೆ ಸಲೀಸಾಗಲಿ ಎಂದು:

"ನನಗ ಬಿಸಿ ಗೊತ್ತಾಗವಲ್ದು. ನನ್ನ ಕೈ ಹಿಡಕೋ."